ಒಗೆಯಾಣದ ಕಲ್ಲಿನಿಂದ ಒಗೆಯುವ ಯಂತ್ರದವರೆಗೆ



ದುಮ್ಮವಾಡದ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲಮನೆಯ ಗೋಡೆಗೆ ಹೊಂದಿಕೊಂಡು, ಬಟ್ಟೆ ಒಗೆಯುವ ಯಂತ್ರವೊಂದು ಬಹಳ ವರ್ಷಗಳಿಂದ ನಿಂತಿದೆ. ನಿಂತಿದೆ ಎಂದೆನೇ ಹೊರತು ನಡೆಯುತ್ತಿದೆ ಎನ್ನಲಿಲ್ಲ. ಅದರ ಒಂದು ತೊಟ್ಟಿಯಲ್ಲಿ ನಮ್ಮ ಮನೆಯವರು ಶೇಂಗಾ ತುಂಬಿಟ್ಟಿದ್ದಾರೆ, ಇನ್ನೊಂದರಲ್ಲಿ ಗೋಣಿಚೀಲಗಳಿವೆ. ಕಳೆದ ದೀಪಾವಳಿಗೆ ನಮ್ಮನ್ನು ಕಾಣಲು ಬಂದಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದನ್ನು ಕಂಡು ನಕ್ಕಳು. ಆಕೆ ಕಲಘಟಗಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದಾಳೆ. ಹೊರಡುವಾಗ, “ಸರ್ರ, ನಾನೂ ಒಂದು ಮಷೀನ್ ತಗೋಬೇಕಂತೀನಿ, ಯಾವ ಕಂಪನೀದು ಛಲೋ ಹೇಳ್ರಿ” ಎಂದು ಕೇಳಿದಳು.

ಯಾವ ಹೆಸರನ್ನೂ ಹೇಳಲು ನನ್ನಿಂದಾಗಲಿಲ್ಲ. ಎರಡು ಯಂತ್ರಗಳೊಡನೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಹೆಣಗಿದ ಮೇಲೆ ನನಗೆ ಅರ್ಥವಾದದ್ದು ಇಷ್ಟೇ: ಬಟ್ಟೆಯನ್ನು ಯಂತ್ರವೊಂದೇ ಒಗೆಯುವುದಿಲ್ಲ. ನೀರು, ಸಾಬಾಣ, ಬಲ, ಮತ್ತು ಇವು ಮೂರರ ಗುಣವನ್ನು ಬಲ್ಲ ಒಬ್ಬ ಮನುಷ್ಯ, ಈ ನಾಲ್ಕೂ ಕೂಡಿದಾಗಲೇ ಬಟ್ಟೆ ಮಡಿಯಾಗುತ್ತದೆ. ಹಾಗೆ ಬಲ್ಲವರು ಒಂದು ಕಾಲಕ್ಕೆ ಪ್ರತಿ ಊರಿನಲ್ಲಿಯೂ ಇದ್ದರು. ಅವರ ವಿದ್ಯೆಯನ್ನು ನಾವು ವಿದ್ಯೆಯೆಂದು ಎಣಿಸಲಿಲ್ಲ. ಆ ಹುಡುಗಿಗೆ ಕೊಡಬೇಕಾದ ಉತ್ತರವನ್ನು ತುಸು ಹಿಂದಿನಿಂದ ಆರಂಭಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಾನು ಚಿಕ್ಕವನಿದ್ದ 1950ರ ದಶಕದಲ್ಲಿ ಅರಿವೆ ಒಗೆಯುವುದೆಂದರೆ ಹಳ್ಳಕ್ಕೆ ಹೋಗುವುದು. ನಮ್ಮ ಸೀಮೆಯ ಹಳ್ಳವೆಂದರೆ ಬೇಡ್ತಿ. ಇದೇ ಹಳ್ಳ ಮುಂದೆ ಪಶ್ಚಿಮಕ್ಕೆ ಹರಿದು, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯೆಂಬ ಹೆಸರಿನಿಂದ ಸಮುದ್ರ ಸೇರುತ್ತದೆ. ತಲೆಯ ಮೇಲೆ ಒಗೆಯಾಣದ ಗಂಟು, ಕಂಕುಳಲ್ಲಿ ಕೂಸು, ಕೈಯಲ್ಲಿ ರೊಟ್ಟಿಯ ಬುತ್ತಿ. ಹೀಗೆ ಹೆಣ್ಣುಮಕ್ಕಳು ಗುಂಪಾಗಿ ಹೋಗುತ್ತಿದ್ದರು. ಹಬ್ಬದ ಮುಂಚೆ ಕೌದಿಗಳ ಸರದಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹೊಲಿದ ಕೌದಿ ಒಣಗಿದ್ದಾಗಲೇ ಭಾರ. ನೀರು ಕುಡಿದ ಮೇಲೆ ಅದನ್ನು ಒಬ್ಬರಿಂದ ಎತ್ತಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುವುತ್ತ ಹಿಂಡುತ್ತಿದ್ದರು. ಹಳ್ಳದ ದಂಡೆಯ ಆ ದಿನಗಳನ್ನು ಸೊಗಸಾಗಿ ವರ್ಣಿಸುವ ರೂಢಿ ನಮ್ಮಲ್ಲಿದೆ. ವರ್ಣಿಸುವವರು ಹೆಚ್ಚಾಗಿ ಗಂಡಸರು, ನಾನೂ ಅವರಲ್ಲೊಬ್ಬ. ನಮ್ಮ ಅವ್ವನ ಬೆರಳ ಸಂದುಗಳು ಸೋಡಾದಿಂದ ಬಿರಿದು ರಕ್ತ ಒಸರುತ್ತಿದ್ದುದನ್ನು, ರಾತ್ರಿ ಆಕೆ ಅದಕ್ಕೆ ಕುಸುಬಿಯ ಎಣ್ಣೆ ಸವರಿಕೊಳ್ಳುತ್ತಿದ್ದುದನ್ನು ಯಾರೂ ವರ್ಣಿಸಿದ್ದಿಲ್ಲ.

ದಿನದ ಅರಿವೆ ಮನೆಯ ಹೆಂಗಸರ ಪಾಲಿನದಾದರೆ, ದೊಡ್ಡ ಒಗೆತ ಊರ ಮಡಿವಾಳರ ಪಾಲಿನದು. ಅವರು ಆಯಗಾರರಲ್ಲಿ ಒಬ್ಬರು. ತಿಂಗಳ ಸಂಬಳವಿಲ್ಲ; ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ಕಾಳು ಪಡೆಯಬೇಕು. ಮನೆಮನೆಯ ಬಟ್ಟೆ ಒಟ್ಟುಗೂಡಿದರೂ ಕಲಬೆರಕೆಯಾಗದಂತೆ ಕೇರುಬೀಜದ ರಸದಿಂದ ಅಂಚಿನಲ್ಲಿ ಗುರುತು ಹಾಕುತ್ತಿದ್ದರು. ಆ ಕಪ್ಪು ಎಷ್ಟು ಒಗೆದರೂ ಹೋಗದು. ಈ ಬೀಜಕ್ಕೆ ಇಂಗ್ಲಿಷಿನವರು ಇಟ್ಟ ಹೆಸರೇ ‘ಗುರುತಿನ ಬೀಜ’ ಎಂದಾಗುತ್ತದೆ.

ಇನ್ನು ಅವರ ಉಬ್ಬೆಯ ವಿಷಯ. ಮಾಸಿದ ಬಟ್ಟೆಯನ್ನು ಸವಳು ಮಣ್ಣಿನ ನೀರಿನಲ್ಲಿ ಅದ್ದಿ, ದೊಡ್ಡ ಹರವಿಗಳ ಮೇಲೆ ಒಟ್ಟಿ, ಕೆಳಗೆ ಬೆಂಕಿ ಹಾಕಿ, ಹಬೆಯಲ್ಲಿ ಬೇಯಿಸುತ್ತಿದ್ದರು. ಮರುದಿನ ಹಳ್ಳದಲ್ಲಿ ಬಂಡೆಗೆ ಸೆಣೆದು, ಜಾಲಿಸಿ, ಬಿಸಿಲಿಗೆ ಹರವುತ್ತಿದ್ದರು. ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಹೇಳಿದ ನನಗೆ ಈ ಕ್ರಮದ ಅರ್ಥ ಹೊಳೆದದ್ದು ನಿವೃತ್ತಿಯ ನಂತರ. ಸವಳು ಮಣ್ಣಿನಲ್ಲಿರುವ ಕ್ಷಾರದ ಮುಖ್ಯ ಅಂಶ ಸೋಡಿಯಂ ಕಾರ್ಬೊನೇಟ್, ಅಂದರೆ ಒಗೆಯುವ ಸೋಡಾ. ಅದು ಜಿಡ್ಡನ್ನು ಸಡಿಲಿಸುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಬೇರ್ಪಡಿಸಿ ನೀರನ್ನು ಮೆದುವಾಗಿಸುತ್ತದೆ. ಹಬೆಯ ಶಾಖ ಹೇನು ಕೂರೆಗಳನ್ನೂ ರೋಗಾಣುಗಳನ್ನೂ ಕೊಲ್ಲುತ್ತದೆ. ಇಂದಿನ ದುಬಾರಿ ಯಂತ್ರಗಳಲ್ಲಿ 90 ಡಿಗ್ರಿಯ ಬಿಸಿನೀರಿನ ಒಗೆತವೆಂದು ಒಂದು ಗುಂಡಿಯಿರುತ್ತದೆಯಲ್ಲ, ಅದು ಮಾಡುವ ಕೆಲಸವನ್ನೇ ಉಬ್ಬೆ ಮಾಡುತ್ತಿತ್ತು. ಯಾವ ಬಟ್ಟೆಯನ್ನು ಉಬ್ಬೆಗೆ ಹಾಕಬೇಕು, ಯಾವುದರ ಬಣ್ಣ ಬಿಡುತ್ತದೆ, ಯಾವ ಬಾವಿಯ ನೀರು ಒಗೆತಕ್ಕೆ ಆಗದು ಎಂಬುದನ್ನೆಲ್ಲ ಅವರು ಕೈಯ ಅನುಭವದಿಂದ ಬಲ್ಲವರಾಗಿದ್ದರು.

ಇಷ್ಟು ಬಲ್ಲವರನ್ನು ನಾವು ನಡೆಸಿಕೊಂಡ ರೀತಿ ಮಾತ್ರ ನೆನೆದರೆ ನಾಚಿಕೆಯಾಗುತ್ತದೆ. ಮದುವೆಯಲ್ಲಿ, ದೇವರ ಮೆರವಣಿಗೆಯಲ್ಲಿ ನಡೆಮಡಿ ಹಾಸಲು ಅವರು ಬೇಕು. ಹೆರಿಗೆಯ, ಸೂತಕದ, ಮುಟ್ಟಿನ ಬಟ್ಟೆ ಒಗೆಯಲು ಅವರ ಮನೆಯ ಹೆಂಗಸರು ಬೇಕು. ಊರಿಗೆಲ್ಲ ಮಡಿ ಕೊಡುವವರಿಗೆ ಊರವರ ಪಡಸಾಲೆಯಲ್ಲಿ ಮಣೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆ ಒಗೆಯುವುದನ್ನೇ ಕಾಯಕವಾಗಿಸಿಕೊಂಡಿದ್ದ ಮಡಿವಾಳ ಮಾಚಿದೇವರು ದೇವರ ಹಿಪ್ಪರಗಿಯವರು. ಕಲ್ಯಾಣದ ಕ್ರಾಂತಿಯ ಬಳಿಕ ವಚನದ ಕಟ್ಟುಗಳನ್ನು ಹೊತ್ತು ಉಳವಿಯತ್ತ ನಡೆದ ಶರಣರಿಗೆ ಅವರು ಬೆಂಗಾವಲಾಗಿ ನಿಂತರೆಂದು ಪರಂಪರೆ ಹೇಳುತ್ತದೆ. ನಮ್ಮ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವ ಉಳವಿ ಅದೇ. ಈಗ ಫೆಬ್ರುವರಿ 1ರಂದು ಸರಕಾರ ಮಾಚಿದೇವರ ಜಯಂತಿಯನ್ನು ಆಚರಿಸುತ್ತದೆ. ಆಯದ ಪದ್ಧತಿ ಹೋಯಿತು, ಅವರ ಮಕ್ಕಳು ಓದಿ ಬೇರೆ ಬೇರೆ ಉದ್ಯೋಗಗಳಿಗೆ ಹೋದರು. ಹೋಗಲೇಬೇಕಾಗಿತ್ತು. ಆದರೆ ಅವರೊಡನೆ ಹೋದ ವಿದ್ಯೆಯನ್ನು ನಾವು ಯಾರೂ ಕೇಳಿ ಬರೆದಿಟ್ಟುಕೊಳ್ಳಲಿಲ್ಲ.

ಈ ಬದಲಾವಣೆಯನ್ನು ತಂದದ್ದು ಮೊದಲು ಯಂತ್ರವಲ್ಲ, ಸಾಬಾಣ. ಇಂಗ್ಲೆಂಡಿನ ಲಿವರ್ ಸೋದರರ ಸನ್‌ಲೈಟ್ ಸಾಬಾಣದ ಪೆಟ್ಟಿಗೆಗಳು 1888ರಲ್ಲಿ ಕಲ್ಕತ್ತೆಯ ಬಂದರಿಗೆ ಬಂದಿಳಿದವು. 1916ರಲ್ಲಿ ಮೈಸೂರು ಸಂಸ್ಥಾನದವರು ತಮ್ಮದೇ ಸಾಬಾಣದ ಉದ್ಯಮಕ್ಕೆ ಕೈಹಾಕಿದರು. ಅದು ಮೈಗೆ ಹಚ್ಚುವ ಗಂಧದ ಸಾಬಾಣಕ್ಕೆ ಹೆಸರಾಯಿತು. ಧಾರವಾಡ ಜಿಲ್ಲೆ 1956ರವರೆಗೆ ಮುಂಬಯಿ ಪ್ರಾಂತದಲ್ಲಿತ್ತಾಗಿ ನಮಗೆ ಮುಂಬಯಿಯ ಸರಕೇ ಹತ್ತಿರ. ಅಂಗಡಿಯಲ್ಲಿ ಉದ್ದನೆಯ ಪಟ್ಟಿಯಿಂದ ತಂತಿಯಲ್ಲಿ ಕೊಯ್ದು ಕೊಡುತ್ತಿದ್ದ ಸಾಬಾಣದ ತುಂಡು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆದರೆ ಸಾಬಾಣಕ್ಕೆ ಒಂದು ದೌರ್ಬಲ್ಯವಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುವ ಗಡಸು ನೀರಿನಲ್ಲಿ ಅದು ನೊರೆಗೊಡದೆ ಬಿಳಿಯ ಮುದ್ದೆಯಾಗಿ ಬೇರ್ಪಡುತ್ತದೆ. ನಿಮ್ಮಲ್ಲಿ ಅನೇಕರು ಈ ಪಾಠವನ್ನು ನನ್ನ ಬಾಯಿಯಿಂದಲೇ ಕೇಳಿದ್ದೀರಿ. ಎರಡು ಬಾಟಲಿಗಳಲ್ಲಿ ಬಾವಿಯ ನೀರನ್ನೂ ಮಳೆಯ ನೀರನ್ನೂ ಹಾಕಿ, ಸಾಬಾಣದ ಚೂರು ಸೇರಿಸಿ, ಅಲುಗಾಡಿಸಿ ತೋರಿಸುತ್ತಿದ್ದೆ. ಈಗ ಅದರದೊಂದು ಲೆಕ್ಕವನ್ನು ಮಾಡೋಣ. ಲೀಟರಿಗೆ 300 ಮಿಲಿಗ್ರಾಂ ಗಡಸುತನವಿರುವ ನೀರಿನ 20 ಲೀಟರಿನ ಬಕೆಟ್ಟಿನಲ್ಲಿ, ಕೊಳೆಗೆ ತಾಗುವ ಮೊದಲೇ ಸುಮಾರು 35 ಗ್ರಾಂ ಸಾಬಾಣ ವ್ಯರ್ಥವಾಗುತ್ತದೆ. ಹಳೆಯ ಲೆಕ್ಕದಲ್ಲಿ ಮೂರು ತೊಲ. ಕುಡಿಯುವ ನೀರಿಗೆ ಭಾರತೀಯ ಮಾನಕವು 200 ಮಿಲಿಗ್ರಾಂ ಗಡಸುತನವನ್ನು ಸ್ವೀಕಾರಾರ್ಹವೆಂದೂ, ಬೇರೆ ನೀರು ಸಿಗದಿದ್ದಲ್ಲಿ 600ರ ತನಕ ನಡೆದೀತೆಂದೂ ಹೇಳುತ್ತದೆ. ಆದ್ದರಿಂದ ಕುಡಿಯಲು ಯೋಗ್ಯವಾದ ನೀರೆಲ್ಲ ಒಗೆಯಲು ಯೋಗ್ಯವೆಂದು ತಿಳಿಯಬಾರದು.

ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಡಿಟರ್ಜೆಂಟ್ ಪುಡಿ. ಅಮೆರಿಕೆಯಲ್ಲಿ 1946ರಲ್ಲಿ ಟೈಡ್, ನಮ್ಮಲ್ಲಿ 1959ರಲ್ಲಿ ಸರ್ಫ್ ಬಂದವು. 1969ರಲ್ಲಿ ಅಹಮದಾಬಾದಿನ ಕರ್ಸನಭಾಯಿ ಪಟೇಲರು ತಾವೇ ತಯಾರಿಸಿದ ನಿರ್ಮಾ ಪುಡಿಯನ್ನು ಸೈಕಲ್ಲಿನ ಮೇಲೆ ಮಾರಲು ಆರಂಭಿಸಿದರು. ಅಗ್ಗದ ಆ ಪುಡಿ ಮುಂದೆ ಹಳ್ಳಿಯ ಅಂಗಡಿಗಳನ್ನೂ ತಲುಪಿತು. ಬಕೆಟ್ಟು, ಪುಡಿ, ಹಿತ್ತಲಿನ ನಳ ಬಂದ ಮೇಲೆ ‘ಅಗಸರ ಮನೆಗೆ ಯಾಕೆ ಹಾಕಬೇಕು, ಮನೆಯಲ್ಲೇ ಒಗೆದರಾಯಿತು’ ಎಂಬ ಮಾತು ಬಂದಿತು. ಮನೆಯಲ್ಲೇ ಒಗೆಯುವವರು ಯಾರು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ಮಡಿವಾಳರ ಪಾಲಿನ ಭಾರವು ಮನೆಯ ಹೆಂಗಸಿನ ಭಾರಕ್ಕೆ ಬಂದು ಸೇರಿತು.

ಇತ್ತ ಪಶ್ಚಿಮದಲ್ಲಿ ಯಂತ್ರದ ಹುಡುಕಾಟ ಬಹಳ ಹಿಂದೆಯೇ ಆರಂಭವಾಗಿತ್ತು. 1767ರ ಸುಮಾರಿಗೆ ಜರ್ಮನಿಯ ರೇಗನ್ಸ್‌ಬುರ್ಗಿನ ಪಾದ್ರಿ ಯಾಕೋಬ್ ಶೆಫರ್ ಕೈಯಿಂದ ತಿರುವುವ ಮರದ ಒಗೆಯುವ ತೊಟ್ಟಿಯ ರಚನೆಯನ್ನು ಪ್ರಕಟಿಸಿದನು. 1851ರಲ್ಲಿ ಅಮೆರಿಕೆಯ ಜೇಮ್ಸ್ ಕಿಂಗ್ ಉರುಳೆಯಂಥ ಯಂತ್ರಕ್ಕೆ ಪೇಟೆಂಟ್ ಪಡೆದನು. ವಿದ್ಯುತ್ತಿನಿಂದ ನಡೆಯುವ ಯಂತ್ರಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದವು. ಶಿಕಾಗೋದ ಹರ್ಲಿ ಕಂಪನಿಯ ಥಾರ್ ಎಂಬ ಯಂತ್ರಕ್ಕೆ ಸಂಬಂಧಿಸಿದಂತೆ ಆಲ್ವಾ ಫಿಶರ್ 1910ರಲ್ಲಿ ಪೇಟೆಂಟ್ ಪಡೆದನು. ನೀರು ತುಂಬಿಕೊಳ್ಳುವುದರಿಂದ ಹಿಂಡುವವರೆಗೆ ಎಲ್ಲವನ್ನೂ ತಾನೇ ಮಾಡುವ ಮನೆಬಳಕೆಯ ಯಂತ್ರವನ್ನು ಬೆಂಡಿಕ್ಸ್ ಕಂಪನಿ 1937ರಲ್ಲಿ ತೋರಿಸಿತು. ಆ ಯಂತ್ರ ಹಿಂಡುವಾಗ ಎಷ್ಟು ಅದುರುತ್ತಿತ್ತೆಂದರೆ ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿಯಬೇಕಾಗಿತ್ತು. ಈ ಇತಿಹಾಸದಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯಂತ್ರವನ್ನು ಹೀಗೆ ಬೆಳೆಸಿದವರು ನಳದಲ್ಲಿ ಹಗಲಿರುಳು ಒತ್ತಡದ ನೀರು, ತಂತಿಯಲ್ಲಿ ಸಮನಾದ ವಿದ್ಯುತ್ತು, ಮನೆಯಲ್ಲಿ ಗಟ್ಟಿಯಾದ ಸಮತಲ ನೆಲ ಇವೆಲ್ಲ ಇದ್ದೇ ಇರುತ್ತವೆಂದು ಭಾವಿಸಿದ್ದರು.

ನಮ್ಮ ದೇಶದಲ್ಲಿ 1980ರ ದಶಕದ ಉತ್ತರಾರ್ಧದಿಂದ ವಿಡಿಯೋಕಾನ್ ಮೊದಲಾದ ಕಂಪನಿಗಳ ಯಂತ್ರಗಳು ದೂರದರ್ಶನದ ಜಾಹೀರಾತುಗಳ ಮೂಲಕ ಮಧ್ಯಮ ವರ್ಗದ ಮನೆಗಳಿಗೆ ಪರಿಚಯವಾದವು. 1991ರ ಆರ್ಥಿಕ ಸುಧಾರಣೆಯ ನಂತರ ಕೊರಿಯಾದ ಸ್ಯಾಮ್ಸಂಗ್ 1995ರಲ್ಲಿ, ಎಲ್‌ಜಿ 1997ರಲ್ಲಿ ಬಂದವು. ಜಾಹೀರಾತಿನಲ್ಲಿ ನಗುವ ಗೃಹಿಣಿ ಗುಂಡಿ ಒತ್ತಿ ಕುಳಿತುಬಿಡುತ್ತಿದ್ದಳು. ಅವಳ ಮನೆಯ ನೀರಿನ ಟಾಕಿ ಎಷ್ಟು ಎತ್ತರದಲ್ಲಿತ್ತು ಎಂಬುದನ್ನು ಜಾಹೀರಾತು ತೋರಿಸುತ್ತಿರಲಿಲ್ಲ.

ನಾನು ನಿವೃತ್ತನಾದ ಮರುವರ್ಷ, 2001ರಲ್ಲಿ, ಕೈಗೆ ಬಂದ ಹಣದಲ್ಲಿ ಎರಡು ತೊಟ್ಟಿಗಳ ಅರೆಸ್ವಯಂಚಾಲಿತ ಯಂತ್ರವನ್ನು ಹುಬ್ಬಳ್ಳಿಯಿಂದ ತಂದೆನು. ಮನೆಯವರ ಮಣಿಕಟ್ಟು ಆಗಲೇ ನೋಯತೊಡಗಿತ್ತು. ಟ್ರ್ಯಾಕ್ಟರಿನಿಂದ ಅದನ್ನು ಇಳಿಸುವಾಗ ಓಣಿಯವರೆಲ್ಲ ನೆರೆದಿದ್ದರು. ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು ಚಾಲೂ ಮಾಡಿದೆವು. ಒಂದು ತಿಂಗಳು ಸುಖವಾಗಿಯೇ ಕಳೆಯಿತು.

ಮೊದಲ ತೊಂದರೆ ನೆಲದ್ದು. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂಬ ಗಾದೆಯಿದೆ. ನಮ್ಮ ಯಂತ್ರ ಚೆನ್ನಾಗಿ ಕುಣಿಯಿತು, ಮತ್ತು ನೆಲವೂ ನಿಜವಾಗಿ ಡೊಂಕಾಗಿಯೇ ಇತ್ತು. ಶಹಾಬಾದಿ ಫರಸಿಯ ಮೇಲೆ ಅದು ಹಿಂಡುತ್ತ ಹಿಂಡುತ್ತ ಒಂದೊಂದೇ ಗೇಣು ಸರಿದು ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಎರಡನೆಯದು ವಿದ್ಯುತ್ತಿನದು. ಆ ವರ್ಷಗಳಲ್ಲಿ ಹಳ್ಳಿಗಳಿಗೆ ಸಿಂಗಲ್ ಫೇಸು, ತ್ರೀ ಫೇಸುಗಳ ಸರದಿ. ಹೊಲದ ಪಂಪುಗಳು ಶುರುವಾದೊಡನೆ ಮನೆಯ ದೀಪ ಕೆಂಪಾಗುತ್ತಿತ್ತು. ಇಂಥ ಮೋಟರುಗಳ ತಿರುಗಿಸುವ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ಇರಬೇಕಾದಲ್ಲಿ 160 ವೋಲ್ಟು ಬಂದರೆ ಬಲವು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ನೆನೆದ ಧೋತರಗಳ ನಡುವೆ ಚಕ್ರ ಗುಂಯ್‌ಗುಡುತ್ತ ನಿಂತುಬಿಡುತ್ತಿತ್ತು. ಮೂರನೆಯದು ಇಲಿಗಳು. ಯಂತ್ರದ ತೆರೆದ ತಳದಿಂದ ಒಳಹೊಕ್ಕು ತಂತಿಯನ್ನು ಕಡಿದು ಹಾಕಿದವು. ರಿಪೇರಿಗೆಂದು ಫೋನು ಮಾಡಿದರೆ ‘ನಾಳೆ ಬರುತ್ತಾರೆ’ ಎಂಬ ಉತ್ತರ. ಆ ನಾಳೆ ಬರಲು ಹದಿನೈದು ದಿನ ಹಿಡಿದದ್ದೂ ಉಂಟು. ಬಂದವನು ಇಲಿ ಕಡಿದದ್ದಕ್ಕೆ ಗ್ಯಾರಂಟಿಯಿಲ್ಲವೆಂದು ಹೇಳಿ ಹಣ ಪಡೆದು ಹೋಗುತ್ತಿದ್ದನು.

ಯಂತ್ರ ಸರಿಯಿದ್ದ ದಿನವೂ ಬಿಡುವಿರಲಿಲ್ಲ. ನೀರು ತುಂಬಬೇಕು, ಕೊಳೆನೀರು ಬಿಡಬೇಕು, ಮತ್ತೆ ತುಂಬಬೇಕು, ತೊಯ್ದ ಅರಿವೆಯನ್ನು ಪಕ್ಕದ ತೊಟ್ಟಿಗೆ ಎತ್ತಿಹಾಕಬೇಕು, ವಿದ್ಯುತ್ತು ಹೋದರೆ ಕಾಯಬೇಕು. “ಇದರ ಮುಂದ ಕಾವಲು ಕುಂಡ್ರೂದರಾಗ ಕಲ್ಲಿನ ಮ್ಯಾಲ ಎಲ್ಲಾ ಒಗದು ಒಣಾ ಹಾಕಿರತಿದ್ನಿ” ಎಂದು ಮನೆಯವರು ಒಂದು ದಿನ ಹೇಳಿದರು. ಅದನ್ನು ನಾನು ತಮಾಷೆಯ ಮಾತೆಂದು ನಕ್ಕುಬಿಟ್ಟೆನು.

ಆ ಯಂತ್ರ ಶೇಂಗಾದ ಕಣಜವಾದ ಬಳಿಕ, 2013ರಲ್ಲಿ, ಮಗನು ಮುಂಬಾಗಿಲಿನ ಪೂರ್ಣ ಸ್ವಯಂಚಾಲಿತ ಯಂತ್ರವೊಂದನ್ನು ಕಳಿಸಿಕೊಟ್ಟನು. ಅದರಲ್ಲಿ ಬಿಸಿನೀರು, ಹತ್ತಾರು ಬಗೆಯ ಒಗೆತ, ಮಿನುಗುವ ಅಂಕೆಗಳು ಎಲ್ಲ ಇದ್ದವು. ಅದು ನೀರು ಎಳೆದುಕೊಳ್ಳಲು ತೊಡಗಿ, ಸ್ವಲ್ಪ ಹೊತ್ತಿನಲ್ಲಿ ಕೀಂ ಎಂದು ಕೂಗಿ, ತಪ್ಪಿನ ಸಂಕೇತ ತೋರಿಸಿ ನಿಲ್ಲುತ್ತಿತ್ತು. ನಡೆದ ದಿನ ಬಿಳಿಯ ಧೋತರಗಳು ಬೂದಿಬಣ್ಣಕ್ಕೆ ತಿರುಗಿ ಹಪ್ಪಳದಂತೆ ಬಿರುಸಾಗಿ ಹೊರಬರುತ್ತಿದ್ದವು. ಬಾಗಿಲು ಬೀಗ ಹಾಕಿಕೊಂಡ ಹೊತ್ತಿಗೆ ವಿದ್ಯುತ್ತು ಹೋದರೆ ನಮ್ಮ ಅರಿವೆ ನಮಗೇ ಸಿಗುತ್ತಿರಲಿಲ್ಲ. ಒಮ್ಮೆ ಶ್ರಾದ್ಧದ ದಿನ ಮಡಿಯ ಪಂಚೆಯೆಲ್ಲ ಅದರೊಳಗೇ ಉಳಿದು, ಪುರೋಹಿತರು ಕಾಯುತ್ತ ಕುಳಿತರು. ಎರಡು ವರ್ಷಗಳಲ್ಲಿ ಬಿಸಿ ಮಾಡುವ ಸುರುಳಿ ಕೆಟ್ಟಿತು. ಕಂಪನಿಗೆ ನಾನು ಬರೆದ ನಾಲ್ಕು ಪತ್ರಗಳು ಎಷ್ಟು ಕಟುವಾಗಿದ್ದವೆಂದರೆ, ಈಗ ಅವುಗಳ ಪ್ರತಿಯನ್ನು ಓದಿದರೆ ನನಗೇ ಸಂಕೋಚವಾಗುತ್ತದೆ.

ಕೊನೆಗೆ ಬಂದ ಮೆಕ್ಯಾನಿಕ್ ನನ್ನ ಹಳೆಯ ವಿದ್ಯಾರ್ಥಿಯೇ ಆಗಿದ್ದನು. ಅಂಕಗಣಿತದಲ್ಲಿ ಹಿಂದೆ ಬಿದ್ದಿದ್ದ ಹುಡುಗ. ಒಮ್ಮೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ ನೆನಪೂ ನನಗಿತ್ತು. ಅವನು ಯಂತ್ರವನ್ನು ಬಿಚ್ಚುವ ಮೊದಲು ಚೀಲದಿಂದ ಅಳತೆಯ ಪಟ್ಟಿ ತೆಗೆದು, ನಳದಿಂದ ಟಾಕಿಯ ತಳದವರೆಗೆ ಅಳೆದನು. ನಮ್ಮದು ಹಂಚಿನ ಮನೆ; ಮೇಲೆ ಟಾಕಿ ಇಡಲಾಗದೆ ಹಿತ್ತಲಲ್ಲಿ ಕಲ್ಲಿನ ಕಟ್ಟೆಯ ಮೇಲಿಟ್ಟಿದ್ದೆವು. ನಳಕ್ಕಿಂತ ಅದು ಬರೀ ಮೂರು ಅಡಿ ಎತ್ತರದಲ್ಲಿತ್ತು. ಆಮೇಲೆ ಒಂದು ಬಾಟಲಿಯಲ್ಲಿ ನಮ್ಮ ಕೊಳವೆಬಾವಿಯ ನೀರು ಹಿಡಿದು, ಸಾಬಾಣದ ಚೂರು ಹಾಕಿ, ಅಲುಗಾಡಿಸಿದನು. ನೊರೆ ಬರಲಿಲ್ಲ. ಬಿಳಿಯ ಮುದ್ದೆ ತೇಲಿತು.

“ಸರ್ರ, ಮಷೀನ್ ಕೆಟ್ಟಿಲ್ರೀ. ಟಾಕಿ ಗಿಡ್ಡ ಐತಿ, ನೀರು ಗಡಸ ಐತಿ. ಇದನ್ನ ಏಳನೇತ್ತಿಯೊಳಗ ನೀವ ಕಲಿಸಿದ್ರಲ್ರೀ” ಎಂದನು.

ನನಗೆ ಮಾತು ಹೊರಡಲಿಲ್ಲ. ನೀರಿನ ಎತ್ತರ ಒಂದು ಮೀಟರ್ ಹೆಚ್ಚಿದರೆ ಒತ್ತಡ ಸುಮಾರು 0.1 ಬಾರ್ ಹೆಚ್ಚುತ್ತದೆ. ನಮ್ಮ ಯಂತ್ರದ ಪುಸ್ತಕದಲ್ಲಿ ಕನಿಷ್ಠ 0.3 ಬಾರ್ ಬೇಕೆಂದು ಬರೆದಿತ್ತು. ಅಂದರೆ ಹತ್ತಡಿಯ ಎತ್ತರ. ಬಿಸಿ ಮಾಡಿದಾಗ ಗಡಸು ನೀರಿನ ಸುಣ್ಣವು ಸುರುಳಿಗೆ ಹೊಪ್ಪಳಿಕೆಯಾಗಿ ಅಂಟುತ್ತದೆಂಬುದು ಬಚ್ಚಲ ಹಂಡೆಯ ಒಳಮೈ ನೋಡಿದವರಿಗೆಲ್ಲ ಗೊತ್ತು. ಮೂವತ್ತು ವರ್ಷ ಹಲಗೆಯ ಮೇಲೆ ಬರೆದ ಪಾಠವನ್ನು ನಾನು ನನ್ನ ಹಿತ್ತಲಿಗೆ ಒಮ್ಮೆಯೂ ತಂದಿರಲಿಲ್ಲ. ಬೆಂಚಿನ ಮೇಲೆ ನಿಂತಿದ್ದ ಹುಡುಗ ತಂದಿದ್ದನು.

ತಪ್ಪೆಲ್ಲ ನಮ್ಮದೇ ಎಂದು ನಾನು ಹೇಳುವುದಿಲ್ಲ. ಈ ನೆಲದ ನೀರು ಹೀಗಿದೆಯೆಂದು ಗೊತ್ತಿದ್ದೂ, ಕೇಳದೆ, ಅಳೆಯದೆ ಮಾರುವವರ ಪಾಲೂ ಇದೆ. ನಮ್ಮ ಜಿಲ್ಲೆಯೊಳಗೇ ನೀರು ಎಷ್ಟು ಬಗೆಯದು! ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಸವಳು ನೀರು. ಅಲ್ಲಿಯ ಜನ ತಲೆಮಾರುಗಳಿಂದ ಕೆರೆಯ ನೀರನ್ನು ನಂಬಿದವರು. ನಮ್ಮ ಕಲಘಟಗಿ ಅರೆಮಲೆನಾಡು. ಮಳೆ ಹೆಚ್ಚು, ಆದರೆ ಹಿಡಿದಿಟ್ಟ ನೀರು ಎಲ್ಲಿಗೆ ಹೋಯಿತೆಂಬುದಕ್ಕೆ ನಮ್ಮೂರೇ ಸಾಕ್ಷಿ. ದುಮ್ಮವಾಡದ ಮಗ್ಗುಲಲ್ಲಿ ಬೇಡ್ತಿಗೆ ಅಡ್ಡಲಾಗಿ 1950ರ ದಶಕದಲ್ಲಿ ಕಟ್ಟಿದ ನೀರಸಾಗರದ ನೀರು ಹುಬ್ಬಳ್ಳಿಯ ನಳಗಳಿಗೆಂದೇ ಮೀಸಲಾಗಿತ್ತು. 2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ ದಿನದ 24 ತಾಸು ಒತ್ತಡದ ನೀರು ಕೊಡುವ ಪ್ರಯೋಗ ಬಂದಿತು. ಹಳ್ಳಿಯ ಮನೆಮನೆಗೆ ನಳವೆಂಬ ಜಲಜೀವನ ಮಿಷನ್ ಘೋಷಣೆಯಾದದ್ದು 2019ರಲ್ಲಿ. ಯಂತ್ರವಾದರೋ ಅದಕ್ಕಿಂತ ಮೂವತ್ತು ವರ್ಷ ಮೊದಲೇ ಮಾರುಕಟ್ಟೆಗೆ ಬಂದು ಕುಳಿತಿತ್ತು. ಬಕೆಟ್ಟಿನಿಂದ ನೀರು ಸುರಿದರೂ ನಡೆಯುವ ಅರೆಸ್ವಯಂಚಾಲಿತ ಯಂತ್ರವೇ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಳಿದುಕೊಂಡಿರುವುದಕ್ಕೆ ಇದು ಕಾರಣ.

ಯಂತ್ರ ಕೆಟ್ಟಾಗ ಕೆಡುವುದು ಏನು? ನನ್ನ ಮಟ್ಟಿಗೆ ಕೆಟ್ಟದ್ದು ಹಣ ಮತ್ತು ಮರ್ಯಾದೆ. ಮನೆಯವರ ಮಟ್ಟಿಗೆ ಅದು ದೇಹದ ಪ್ರಶ್ನೆ. ಯಂತ್ರ ನಿಂತ ದಿನವೇ ಅವರು ಸೀರೆಯ ಸೆರಗು ಸಿಕ್ಕಿಸಿ ಕಲ್ಲಿನ ಮುಂದೆ ನಿಲ್ಲುತ್ತಿದ್ದರು. ನಾನು ಪತ್ರ ಬರೆಯಲು ಕುಳಿತುಕೊಳ್ಳುತ್ತಿದ್ದೆ. ಸ್ವೀಡನ್ನಿನ ವೈದ್ಯ ಹಾನ್ಸ್ ರೋಸ್ಲಿಂಗ್ 2010ರಲ್ಲಿ ಒಂದು ಭಾಷಣದಲ್ಲಿ ತನ್ನ ತಾಯಿ ಮೊದಲ ಯಂತ್ರ ತಂದ ದಿನವನ್ನು ನೆನೆದರು. ಯಂತ್ರ ಉಳಿಸಿಕೊಟ್ಟ ಹೊತ್ತಿನಲ್ಲಿ ತಾಯಿ ತನಗೆ ಪುಸ್ತಕ ಓದಿ ಹೇಳಿದಳೆಂಬುದು ಅವರ ಮಾತಿನ ಸಾರ. ಈ ರೋಸ್ಲಿಂಗ್ 1972ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿಯೂ ಅಭ್ಯಾಸ ಮಾಡಿದ್ದವರು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಮೆರಿಕೆಯ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ತಮ್ಮ ಗ್ರಂಥದಲ್ಲಿ, ಯಂತ್ರಗಳು ಬಂದ ಮೇಲೂ ಗೃಹಿಣಿಯ ದುಡಿಮೆಯ ತಾಸುಗಳು ಕಡಿಮೆಯಾಗಲಿಲ್ಲವೆಂದು ತೋರಿಸಿದರು. ಹೊರಗಿನವರು ಮಾಡುತ್ತಿದ್ದ ಕೆಲಸ ಮನೆಯೊಳಗೆ ಬಂದಿತು, ಸ್ವಚ್ಛತೆಯ ಅಳತೆ ಏರಿತು, ಸಹಾಯದ ಕೈಗಳು ಇಲ್ಲವಾದವು. ನಮ್ಮೂರಲ್ಲಿ ಮಡಿವಾಳರ ಒಗೆತ ನಿಂತಾಗ ಆದದ್ದೂ ಇದೇ. ಭಾರತ ಸರಕಾರದ 2019ರ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷ ಕಳೆದರೆ, ಹಾಗೆ ಮಾಡುವ ಗಂಡಸರು 97 ನಿಮಿಷ ಕಳೆಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರು ಒಂಬತ್ತು ನಿಮಿಷ ಉಳಿಸಿಕೊಂಡರು.

ಆ ವಿದ್ಯಾರ್ಥಿಯ ಸಲಹೆಯಂತೆ ನಾವು ಮೂರು ಕೆಲಸ ಮಾಡಿದೆವು. ಟಾಕಿಯನ್ನು ಕಬ್ಬಿಣದ ಎತ್ತರದ ಚೌಕಟ್ಟಿನ ಮೇಲೆ ಏರಿಸಿದೆವು. ಯಂತ್ರದ ಕೆಳಗೆ ಕಾಂಕ್ರೀಟಿನ ಸಮನಾದ ಕಟ್ಟೆ ಹಾಕಿಸಿ, ತಳಕ್ಕೆ ಜಾಳಿಗೆ ಬಡಿಸಿದೆವು. ಹಂಚಿನ ಸೂರಿಗೆ ತಗಡಿನ ದೋಣಿ ಕೂಡ್ರಿಸಿ, ಮಳೆಯ ನೀರನ್ನು ಸೋಸಿ ಪೀಪಾಯಿಗಳಲ್ಲಿ ಹಿಡಿದು ಟಾಕಿಗೆ ಏರಿಸುವ ಏರ್ಪಾಡು ಮಾಡಿದೆವು. ಮೂರನೆಯದನ್ನು ಕಂಡ ಮನೆಯವರು, “ನಮ್ಮ ಅತ್ತಿ ಸೂರಿನ ಕೆಳಗ ಹಂಡೆ ಇಡತಿದ್ರು, ಬಿಳೀ ಅರಿಬಿಗೆ ಅದ ನೀರು ಬೇಕಂತಿದ್ರು” ಎಂದರು. ಅತ್ತೆಯೆಂದರೆ ನಮ್ಮ ಅವ್ವ. ಮಳೆಯ ನೀರು ಎಲ್ಲಕ್ಕಿಂತ ಮೆದುವೆಂಬುದು ಆಕೆಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು. ಮಳೆಗಾಲದಲ್ಲಿ ಈಗ ನಮ್ಮ ಯಂತ್ರ ಚೆನ್ನಾಗಿ ಒಗೆಯುತ್ತದೆ. ಆಗ ಅರಿವೆ ಒಣಗುವುದಿಲ್ಲ ಎಂಬುದು ಬೇರೆ ಮಾತು. ಬೇಸಿಗೆಯಲ್ಲಿ ಕೊಳವೆಬಾವಿಯ ನೀರೇ ಗತಿ. ತಿಂಗಳಿಗೊಮ್ಮೆ ಸಿಟ್ರಿಕ್ ಆಮ್ಲದ ಪುಡಿ ಹಾಕಿ, ಖಾಲಿ ಯಂತ್ರವನ್ನು ಬಿಸಿನೀರಿನಲ್ಲಿ ನಡೆಸಿ ಸುಣ್ಣ ತೆಗೆಯುತ್ತೇನೆ. ಕೌದಿಯನ್ನು ಇಂದಿಗೂ ಯಾವ ಯಂತ್ರಕ್ಕೂ ಹಾಕುವುದಿಲ್ಲ. ಅದನ್ನು ಹಿಂಡುವಾಗ ಇನ್ನೊಂದು ತುದಿಯನ್ನು ನಾನು ಹಿಡಿಯುತ್ತೇನೆ. ಎಂಬತ್ತು ದಾಟಿದ ಮೇಲೆ ಕಲಿತ ಕೆಲಸವಾದ್ದರಿಂದ ನನ್ನ ತುದಿಯಲ್ಲಿ ನೀರು ಸ್ವಲ್ಪ ಉಳಿಯುತ್ತದೆ.

ಇನ್ನು, ಕಲಘಟಗಿಯಲ್ಲಿ ಮನೆ ಕಟ್ಟಿಸುತ್ತಿರುವ ವಿದ್ಯಾರ್ಥಿನಿಗೆ ನನ್ನ ಉತ್ತರ. ತಂಗಿ, ಕಂಪನಿಯ ಹೆಸರು ಕೇಳುವ ಮೊದಲು ಬಾಟಲಿಯಲ್ಲಿ ನಿನ್ನ ಬಾವಿಯ ನೀರು ಹಿಡಿದು ಸಾಬಾಣ ಹಾಕಿ ನೋಡು. ನೊರೆ ಬಾರದಿದ್ದರೆ ನೀರು ಮೆದುಗೊಳಿಸುವ ಉಪಕರಣದ ಬೆಲೆಯನ್ನೂ ಯಂತ್ರದ ಬೆಲೆಗೆ ಕೂಡಿಸಿ ಲೆಕ್ಕ ಹಾಕು. ತಾರಸಿಯ ಮೇಲಿನ ಟಾಕಿಯನ್ನು ನಳಕ್ಕಿಂತ ಹತ್ತಡಿಗೆ ಕಡಿಮೆಯಾಗದಂತೆ ಏರಿಸಲು ಗೌಂಡಿಗೆ ಈಗಲೇ ಹೇಳು; ಆಮೇಲೆ ಹೇಳಿದರೆ ಖರ್ಚು ಇಮ್ಮಡಿ. ವೋಲ್ಟೇಜನ್ನು ಸಂಜೆಯ ಹೊತ್ತು ಅಳೆಸು. ರಸೀದಿಯನ್ನು ಜೋಪಾನವಾಗಿಡು; 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಬದಲು ಬಂದ 2019ರ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ, 1915 ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಹೇಳಬಹುದು. ಕೊನೆಯದಾಗಿ, ಯಂತ್ರವನ್ನು ನಡೆಸುವುದನ್ನು ನಿನ್ನ ಯಜಮಾನರಿಗೂ ಮಗನಿಗೂ ಮೊದಲ ದಿನವೇ ಕಲಿಸು. ಅದು ಕೆಟ್ಟ ದಿನ ಕಲ್ಲಿನ ಮುಂದೆ ಯಾರು ನಿಲ್ಲಬೇಕೆಂಬುದನ್ನೂ ಅಂದೇ ಮಾತಾಡಿಕೊಳ್ಳಿರಿ.

ನಿಮ್ಮ ನಿಮ್ಮ ಊರಿನ ಉಬ್ಬೆಯ, ಸವಳು ಮಣ್ಣಿನ, ಒಗೆತಕ್ಕೆಂದೇ ಹೆಸರಾದ ಬಾವಿ ಹಳ್ಳಗಳ ನೆನಪು ಯಾರಿಗಾದರೂ ಇದ್ದರೆ ನನಗೆ ಬರೆದು ತಿಳಿಸಿರಿ. ಮಡಿವಾಳರ ಮನೆತನದಿಂದ ಬಂದ ನನ್ನ ವಿದ್ಯಾರ್ಥಿಗಳು ತಮ್ಮ ಅಜ್ಜ ಅಜ್ಜಿಯರಿಂದ ಕೇಳಿದ್ದನ್ನು ಬರೆದರಂತೂ ನಾನು ಋಣಿಯಾಗಿರುತ್ತೇನೆ. ಅದನ್ನು ಆಗಲೇ ಕೇಳಬೇಕಾಗಿತ್ತು. ಕೇಳದೆ ಇದ್ದದ್ದು ನನ್ನ ತಪ್ಪು.